ಹೋಟೆಲ್ ಹುಡುಕುವ ಮೊದಲು ಹೊತ್ತು ನೋಡಿ

ಪ್ರಶ್ನೆ: ನಾವು ಗದಗಿನ ಕಡೆಯವರು. ಎರಡು ವರ್ಷದಿಂದ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿದ್ದೇವೆ. ವಾರಕ್ಕೊಮ್ಮೆ ಹೊರಗೆ ತಿನ್ನೋಣ ಅಂತ ಫೋನಿನಲ್ಲಿ ನಾಲ್ಕೂವರೆ ಸ್ಟಾರ್ ಇರುವ ಜಾಗಗಳನ್ನೇ ಆರಿಸಿ ಹೋಗುತ್ತೇವೆ. ಆದರೂ ಹೆಚ್ಚಿನ ಸಲ ಬೇಜಾರಾಗಿ ವಾಪಸ್ ಬರುತ್ತೇವೆ. ಹೆಸರುವಾಸಿ ಹಳೇ ಹೋಟೆಲ್‌ಗಳಲ್ಲೂ 'ಇಷ್ಟೇನಾ' ಅನಿಸಿದೆ. ಮುಂದಿನ ತಿಂಗಳು ನನ್ನ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರು ಸಸ್ಯಾಹಾರಿಗಳು, ರೊಟ್ಟಿ ಇಲ್ಲದಿದ್ದರೆ ಊಟ ಮಾಡಿದಂತೆಯೇ ಇಲ್ಲ ಅನ್ನುತ್ತಾರೆ. ನಮ್ಮ ಮನೆಯವರಿಗೆ ಬಿರಿಯಾನಿ ಬೇಕು. ನಗರದೊಳಗೆ, ನಗರದ ಸುತ್ತ ಒಳ್ಳೆಯ ಹೋಟೆಲ್‌ಗಳನ್ನು ನಾವೇ ಹುಡುಕಿಕೊಳ್ಳುವುದು ಹೇಗೆ? ಬರೀ ಹೆಸರುಗಳ ಪಟ್ಟಿ ಬೇಡ, ದಾರಿ ಹೇಳಿ.

ಉತ್ತರ: ಪಟ್ಟಿ ಬೇಡ, ದಾರಿ ಹೇಳಿ ಅಂದಿದ್ದು ನನಗೆ ತುಂಬಾ ಹಿಡಿಸಿತು. ಹತ್ತೊಂಬತ್ತು ವರ್ಷ ನಾನು ಹೋಟೆಲ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಸಪ್ಲೈಯರ್, ಆಮೇಲೆ ಗಲ್ಲಾದಲ್ಲಿ, ಕೊನೆಗೆ ಮ್ಯಾನೇಜರ್. ಈಗ ಹೊಸದಾಗಿ ಹೋಟೆಲ್ ತೆರೆಯುವವರಿಗೆ ಅಡುಗೆಮನೆ ಹೇಗಿರಬೇಕು ಅಂತ ಸಲಹೆ ಕೊಡುತ್ತೇನೆ. ಒಳಗಿನಿಂದ ನೋಡಿದವನಾಗಿ ನಿಮ್ಮನ್ನು ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ನೀವು ಹೋಟೆಲ್‌ಗೆ ಎಷ್ಟು ಹೊತ್ತಿಗೆ ಹೋಗುತ್ತೀರಿ? ಬರೆದಿಲ್ಲ. ಶನಿವಾರ, ಭಾನುವಾರ ಬೆಳಗ್ಗೆ ನಿಧಾನವಾಗಿ ಎದ್ದು, ವೈಟ್‌ಫೀಲ್ಡ್‌ನಿಂದ ಹೊರಟು, ಟ್ರಾಫಿಕ್ ದಾಟಿ, ಹನ್ನೊಂದು ಹನ್ನೊಂದೂವರೆಗೆ ಮುಟ್ಟುತ್ತೀರಿ ಅಂತ ನನ್ನ ಊಹೆ. ಊಹೆ ಸರಿಯಿದ್ದರೆ ನಿಮ್ಮ ಅರ್ಧ ಬೇಜಾರಿಗೆ ಕಾರಣ ಸಿಕ್ಕಿತು.

ಪ್ರತಿ ಅಡುಗೆಮನೆಗೂ ತನ್ನದೊಂದು ಹೊತ್ತಿರುತ್ತದೆ. ಇಡ್ಲಿ, ದೋಸೆ ಹೋಟೆಲ್‌ನಲ್ಲಿ ಹಿಂದಿನ ದಿನ ರುಬ್ಬಿದ ಹಿಟ್ಟು ರಾತ್ರಿಯಿಡೀ ಹುದುಗಿ ಬೆಳಗಿನ ಜಾವಕ್ಕೆ ಹದವಾಗಿರುತ್ತದೆ. ಒಲೆಗಳ ಕಾವಿಗೆ ಹತ್ತೂವರೆ ಹೊತ್ತಿಗೆ ಅದೇ ಹಿಟ್ಟು ಹುಳಿಯಾಗತೊಡಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಕಾಯಿ ಚಟ್ನಿಯಂತೂ ರುಬ್ಬಿದ ಎರಡು ಮೂರು ಗಂಟೆಗೆ ಸೋಲುತ್ತದೆ. ಒಳ್ಳೆಯ ಹೋಟೆಲ್‌ನವರು ಸ್ವಲ್ಪ ಸ್ವಲ್ಪವೇ ರುಬ್ಬಿಕೊಳ್ಳುತ್ತಾರೆ. ಜನ ಮುಗಿಬಿದ್ದಾಗ ಅವರೂ ನೀರು ಬೆರೆಸುವುದನ್ನು ನೋಡಿದ್ದೇನೆ. ಕಾಫಿಯ ಕಥೆಯೂ ಅದೇ. ಆಗತಾನೇ ಇಳಿದ ಡಿಕಾಕ್ಷನ್‌ಗೆ ಇರುವ ಪರಿಮಳ, ಒಲೆ ಪಕ್ಕ ಒಂದೂವರೆ ಗಂಟೆ ಬಿಸಿಯಾಗುತ್ತಾ ಕೂತ ಡಿಕಾಕ್ಷನ್‌ಗೆ ಇರುವುದಿಲ್ಲ. ಬರೀ ಕಹಿ ಉಳಿಯುತ್ತದೆ.

ಅಂದರೆ ನೀವು ಹೋದ ಹೆಸರುವಾಸಿ ಹೋಟೆಲ್ ಕೆಟ್ಟದ್ದೇನೂ ಆಗಿರಲಿಲ್ಲ, ನೀವು ಹೋಗುವ ಹೊತ್ತಿಗೆ ಅದರ ಒಳ್ಳೆಯ ಹೊತ್ತು ಮುಗಿದಿತ್ತು. ಭಾನುವಾರ ಹನ್ನೊಂದು ಗಂಟೆಗೆ ಹೊರಗೆ ನೂರು ಜನ ಕಾಯುತ್ತಿರುವಾಗ ದೋಸೆ ಹುಯ್ಯುವವನ ಮೇಲೆ ಎಷ್ಟು ಒತ್ತಡ ಇರುತ್ತದೆ ಅಂತ ಯೋಚಿಸಿ. ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಕಾವು ಸರಿಯಾಗುವವರೆಗೆ ಕಾಯಬೇಕು. ಆ ಅರ್ಧ ನಿಮಿಷ ಅವನಿಗೆ ಸಿಗುವುದಿಲ್ಲ. ಬಿಳಿಚಿಕೊಂಡ ದೋಸೆ ನಿಮ್ಮ ತಟ್ಟೆಗೆ ಬರುತ್ತದೆ. ಅದೇ ಕೈ, ಅದೇ ಹಿಟ್ಟು, ಮಂಗಳವಾರ ಏಳೂವರೆಗೆ ಹೋಗಿ ನೋಡಿ.

ಹಾಗಾಗಿ ನನ್ನ ಕ್ರಮ ಹೀಗೆ. ಮೊದಲು ಏನು ತಿನ್ನಬೇಕು ಅಂತ ತೀರ್ಮಾನಿಸುತ್ತೇನೆ. ಆಮೇಲೆ ಆ ತಿಂಡಿ ಯಾವ ಹೊತ್ತಿಗೆ ಚೆನ್ನಾಗಿರುತ್ತದೆ ಅಂತ ನೋಡುತ್ತೇನೆ. ಹೋಟೆಲ್‌ನ ಹೆಸರು ಮೂರನೆಯದು. ಇಡ್ಲಿ ಬೆಳಗ್ಗೆ ಏಳಕ್ಕೆ. ಅನ್ನದ ಊಟ ಹನ್ನೆರಡೂವರೆಗೆ, ಮೊದಲ ಪಂಕ್ತಿಯಲ್ಲಿ. ಬೋಂಡ, ಬಜ್ಜಿ ಸಂಜೆ ನಾಲ್ಕರಿಂದ ಐದು, ಬಾಣಲೆಗೆ ಹೊಸ ಎಣ್ಣೆ ಬಿದ್ದ ಹೊತ್ತು. ದೊನ್ನೆ ಬಿರಿಯಾನಿಗೆ ಹನ್ನೆರಡೂವರೆಯಿಂದ ಒಂದೂವರೆ. ಜಯನಗರದ ಕಡೆಯ ಶಿವಾಜಿ ಮಿಲಿಟರಿ ಹೋಟೆಲ್‌ಗೆ ಮಧ್ಯಾಹ್ನ ಮೂರಕ್ಕೆ ಹೋಗಿ ಮಟನ್ ಬಿರಿಯಾನಿ ಖಾಲಿ ಅಂತ ಸಪ್ಪೆ ಮುಖ ಹಾಕಿಕೊಂಡು ಬಂದವರು ಎಷ್ಟೋ ಜನ. ಆದರೆ ಖಾಲಿಯಾಗುವುದು ಒಳ್ಳೆಯ ಲಕ್ಷಣ ಕಣ್ರೀ. ನಾಳೆಗೆ ಏನೂ ಉಳಿದಿಲ್ಲ ಅಂತ ತಾನೇ ಅದರ ಅರ್ಥ?

ವಾರದ ರಜೆಯನ್ನೂ ಇದೇ ಕಾರಣಕ್ಕೆ ಗಮನಿಸುತ್ತೇನೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಒಂದು 1943ರದ್ದು, ಇನ್ನೊಂದು 1924ರದ್ದು. ವಾರವಿಡೀ ತೆರೆದರೆ ದುಡ್ಡು ಬರುತ್ತದೆ ಅಂತ ಅವರಿಗೂ ಗೊತ್ತು. ಮಧ್ಯಾಹ್ನ ಬಾಗಿಲು ಹಾಕಿ ಮತ್ತೆ ತೆರೆಯುವ ಹೋಟೆಲ್‌ಗಳೂ ಹೀಗೇ. ಅಲ್ಲಿ ಅಡುಗೆಯವರು ಕೆಲವರೇ ಇರುತ್ತಾರೆ, ಅವರಿಗೆ ವಿಶ್ರಾಂತಿ ಬೇಕು, ಅವರ ಕೈರುಚಿಯನ್ನೇ ನಂಬಿ ವ್ಯಾಪಾರ ನಡೆಯುತ್ತಿದೆ ಅಂತ ನನಗೆ ಅರ್ಥವಾಗುತ್ತದೆ. ಬೆಳಗ್ಗೆ ಆರರಿಂದ ರಾತ್ರಿ ಹನ್ನೆರಡರವರೆಗೆ ಎಲ್ಲವೂ ಸಿಗುತ್ತದೆ ಅನ್ನುವ ಬೋರ್ಡ್ ಕಂಡರೆ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ.

ಮೆನು ಉದ್ದವಿದ್ದರೂ ಅಷ್ಟೇ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕುಡಿಯಲು ಕಾಫಿ ಟೀ. ಹೆಚ್ಚುಕಡಿಮೆ ಮುಗಿಯಿತು. ಸಾಂಬಾರ್ ಕೂಡ ಇಲ್ಲ, ಬರೀ ಚಟ್ನಿ. 1965ರಿಂದ ಹಾಗೇ ನಡೆದಿದೆ. ಇನ್ನೂರು ಐಟಂ ಇರುವ ಮೆನು ಹೇಗೆ ನಡೆಯುತ್ತದೆ ಅಂತ ಒಳಗಿದ್ದವನಾಗಿ ಹೇಳುತ್ತೇನೆ. ಬೆಳಗ್ಗೆ ಒಂದು ಕೆಂಪು ಗ್ರೇವಿ, ಒಂದು ಬಿಳಿ ಗ್ರೇವಿ, ಒಂದು ಈರುಳ್ಳಿ ಟೊಮೆಟೊ ಗ್ರೇವಿ ಮಾಡಿ ಫ್ರಿಜ್‌ಗೆ ಇಡುತ್ತಾರೆ. ನೀವು ಏನೇ ಹೇಳಿ, ಈ ಮೂರರಲ್ಲಿ ಒಂದಕ್ಕೆ ಪನೀರ್, ಅಣಬೆ, ಬಟಾಣಿ ಬಿದ್ದು ಬರುತ್ತದೆ. ಅದೇನೂ ಮೋಸ ಅಲ್ಲ, ದೊಡ್ಡ ಹೋಟೆಲ್ ಹೀಗೆ ಮಾಡದೆ ವಿಧಿಯಿಲ್ಲ. ಆದರೆ ನಾಲ್ಕು ಜನ ನಾಲ್ಕು ಬಗೆ ತರಿಸಿಕೊಂಡರೂ ರುಚಿ ಒಂದೇ ಅನಿಸುವುದು ಇದಕ್ಕೇ. ನಿಮಗೂ ಅನಿಸಿರಬೇಕು, ಅಲ್ವಾ?

ಈಗ ಫೋನಿನ ವಿಷಯಕ್ಕೆ ಬರೋಣ. ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ನಾನೂ ದಿನಾ ನೋಡುತ್ತೇನೆ. ಸ್ಟಾರ್ ಮಾತ್ರ ನೋಡುವುದಿಲ್ಲ. ಮ್ಯಾಪ್‌ನಲ್ಲಿ ಒಂದು ಹೋಟೆಲ್ ತೆರೆದರೆ ಯಾವ ದಿನ, ಯಾವ ಗಂಟೆಗೆ ಎಷ್ಟು ಜನ ಇರುತ್ತಾರೆ ಅಂತ ಸಣ್ಣ ಕಂಬಗಳ ಚಿತ್ರ ಬರುತ್ತದೆ. ನಾನು ಮೊದಲು ನೋಡುವುದು ಅದನ್ನೇ. ಬುಧವಾರ ಬೆಳಗ್ಗೆ ಎಂಟಕ್ಕೆ ಕಂಬ ಎತ್ತರಕ್ಕಿದ್ದರೆ, ಆ ಬೀದಿಯ ಜನ ಕೆಲಸಕ್ಕೆ ಹೋಗುವ ಮುಂಚೆ ಅಲ್ಲಿ ತಿನ್ನುತ್ತಾರೆ. ದಿನಾ ತಮ್ಮದೇ ದುಡ್ಡು ಕೊಟ್ಟು ತಿನ್ನುವವರು ಕೆಟ್ಟದ್ದನ್ನು ಒಂದು ವಾರಕ್ಕಿಂತ ಜಾಸ್ತಿ ಸಹಿಸುವುದಿಲ್ಲ. ಶನಿವಾರ, ಭಾನುವಾರ ಮಾತ್ರ ಎತ್ತರ, ಉಳಿದ ದಿನ ಬೋಳು ಅಂದರೆ, ಅಲ್ಲಿಗೆ ಹೋಗುವವರು ಹೆಚ್ಚಾಗಿ ನಿಮ್ಮ ಹಾಗೆ ಸ್ಟಾರ್ ನೋಡಿ ಹೋಗುವವರೇ.

ಆಮೇಲೆ ಹೊಸ ಅಭಿಪ್ರಾಯಗಳು ಮೇಲೆ ಬರುವಂತೆ ಮಾಡಿಕೊಳ್ಳಿ. ಐದು ಸ್ಟಾರ್ ಕೊಟ್ಟವರನ್ನೂ ಒಂದು ಸ್ಟಾರ್ ಕೊಟ್ಟವರನ್ನೂ ಬಿಟ್ಟು ಮೂರು ಸ್ಟಾರ್‌ನವರನ್ನು ಓದಿ. ಅವರು ಸಮಾಧಾನದಿಂದ ಬರೆದಿರುತ್ತಾರೆ. 'ಕೂರಲು ಜಾಗ ಇಲ್ಲ', 'ಸಪ್ಲೈಯರ್ ನಗಲಿಲ್ಲ', 'ಬೇರೆಯವರ ಜೊತೆ ಟೇಬಲ್ ಹಂಚಿಕೊಳ್ಳಬೇಕು' ಅನ್ನುವ ದೂರುಗಳಿದ್ದರೆ ಧೈರ್ಯವಾಗಿ ಹೋಗಿ. 'ತಣ್ಣಗಿತ್ತು', 'ಎಣ್ಣೆ ವಾಸನೆ', 'ಮೊದಲಿನ ಹಾಗೆ ಇಲ್ಲ' ಅನ್ನುವುದು ಎರಡು ಮೂರು ಕಡೆ ಕಂಡರೆ ಬೇಡ. ಮೊದಲಿನ ಹಾಗೆ ಇಲ್ಲ ಅನ್ನುವ ಮಾತು ಒಂದೇ ತಿಂಗಳಲ್ಲಿ ಮತ್ತೆ ಮತ್ತೆ ಬಂದರೆ ಭಟ್ಟರು ಕೆಲಸ ಬಿಟ್ಟಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಉಪಾಯ ಇದೆ. 'ರೆಸ್ಟೋರೆಂಟ್' ಅಂತ ಹುಡುಕಬೇಡಿ. 'ಖಾನಾವಳಿ', 'ಮಿಲಿಟರಿ ಹೋಟೆಲ್', 'ಮೀನೂಟ', 'ತಟ್ಟೆ ಇಡ್ಲಿ' ಅಂತ ಕನ್ನಡದಲ್ಲೇ ಟೈಪ್ ಮಾಡಿ. ಬೇರೆಯೇ ಒಂದು ಊರು ತೆರೆದುಕೊಳ್ಳುತ್ತದೆ.

ನನಗೂ ಪೆಟ್ಟು ಬಿದ್ದಿದೆ. ಕೆಲವು ವರ್ಷಗಳ ಹಿಂದೆ ಹೆಂಡತಿಯ ಹುಟ್ಟುಹಬ್ಬಕ್ಕೆ ಹಳ್ಳಿಮನೆ ಥರ ಅಲಂಕಾರ ಮಾಡಿದ್ದ ಒಂದು ಹೋಟೆಲ್‌ಗೆ ಕರೆದುಕೊಂಡು ಹೋದೆ. ಕಂಬ, ತೊಟ್ಟಿ, ಲಾಟೀನು ಎಲ್ಲ ಇತ್ತು. ಬಾಳೆಎಲೆಗೆ ಬಿದ್ದ ಅನ್ನ ಮಾತ್ರ ಗಟ್ಟಿಯಾಗಿತ್ತು, ಸಾರು ಉಗುರು ಬೆಚ್ಚಗೆ. ಬಾಗಿಲಲ್ಲೇ ಐದು ನಿಮಿಷ ನಿಂತು ನೋಡಿದ್ದರೆ ತಿಳಿಯುತ್ತಿತ್ತು. ಅವತ್ತಿನಿಂದ ಆ ಐದು ನಿಮಿಷವನ್ನು ಎಲ್ಲೂ ಬಿಡುವುದಿಲ್ಲ.

ಬಾಗಿಲಲ್ಲಿ ನಿಂತು ನೋಡುವುದೇನು? ತಟ್ಟೆಗಳನ್ನು. ತಿಂದು ಎದ್ದವರ ತಟ್ಟೆಯಲ್ಲಿ ಏನು ಉಳಿದಿದೆ ಅಂತ ನೋಡಿ. ಪಲ್ಯ ಎಲ್ಲರ ತಟ್ಟೆಯಲ್ಲೂ ಉಳಿದಿದ್ದರೆ ಅಂದು ಪಲ್ಯ ಬೇಡ. ಯಾವುದನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದಾರೆ ಅಂತ ನೋಡಿ. ಹೊಗೆಯಾಡುತ್ತಾ ಬರುತ್ತಿರುವುದು ಏನು? ಕೈ ತೊಳೆಯುವ ಜಾಗ, ನೆಲ ಒರೆಸುವ ಬಟ್ಟೆ, ಕುಡಿಯುವ ನೀರಿನ ಲೋಟ ಇವುಗಳ ಮೇಲೂ ಕಣ್ಣಾಡಿಸಿ. ಗ್ರಾಹಕರಿಗೆ ಕಾಣುವ ಜಾಗವೇ ಹೇಗೋ ಇದ್ದರೆ ಕಾಣದ ಜಾಗದ ಬಗ್ಗೆ ಹೇಳಬೇಕಾಗಿಲ್ಲ. ಗಲ್ಲಾ ಹತ್ತಿರ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಹಾಕಿರಬೇಕು, ಅದನ್ನೂ ನೋಡಿ. ಕೊನೆಗೆ ಸಪ್ಲೈಯರ್‌ನನ್ನು 'ಏನು ಚೆನ್ನಾಗಿದೆ' ಅಂತ ಕೇಳಬೇಡಿ, ಎಲ್ಲವೂ ಚೆನ್ನಾಗಿದೆ ಅಂತಲೇ ಅವನು ಹೇಳಬೇಕು. 'ಈಗ ಬಿಸಿಬಿಸಿಯಾಗಿ ಇಳಿದಿದ್ದು ಏನು' ಅಂತ ಕೇಳಿ. ಅದಕ್ಕೆ ಸರಿಯಾದ ಉತ್ತರ ಬರುತ್ತದೆ. ಮೊದಲ ಸಲ ಹೋದಾಗ ಒಂದೇ ಒಂದು ತರಿಸಿ ಹಂಚಿಕೊಳ್ಳಿ. ಹಿಡಿಸಿದರೆ ಮುಂದೆ.

ಬಿಲ್ ಬಗ್ಗೆ ಒಂದು ಮಾತು. ಸಾಮಾನ್ಯ ಹೋಟೆಲ್‌ನಲ್ಲಿ ಜಿಎಸ್‌ಟಿ 5 ಪರ್ಸೆಂಟ್. ಅದರ ಮೇಲೆ ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ಕೊಡಲೇಬೇಕು ಅಂತೇನಿಲ್ಲ. ಗ್ರಾಹಕರ ರಕ್ಷಣೆಯ ಕೇಂದ್ರ ಪ್ರಾಧಿಕಾರ 2022ರಲ್ಲಿ ಹಾಗೆಂದು ನಿಯಮ ಮಾಡಿತು, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆದುಬಿಡಿ ಅಂತ ನಯವಾಗಿ ಹೇಳಿ. ಆ ದುಡ್ಡನ್ನು ಬಡಿಸಿದವನ ಕೈಗೇ ಕೊಟ್ಟರೆ ನನಗೆ ಸಂತೋಷ.

ಇನ್ನು ರೊಟ್ಟಿ. ಈ ಪ್ರಶ್ನೆ ನನ್ನ ಮನಸ್ಸಿಗೆ ಹತ್ತಿರದ್ದು, ಯಾಕೆಂದರೆ ಬೆಂಗಳೂರಿನಲ್ಲಿ ಜೋಳದ ರೊಟ್ಟಿ ಅಂತ ಬೋರ್ಡ್ ಹಾಕಿದ ಕಡೆಯೆಲ್ಲ ರೊಟ್ಟಿ ಚೆನ್ನಾಗಿರುವುದಿಲ್ಲ. ಮೆನುವಿನ ಮೂಲೆಯಲ್ಲಿ ಒಂದು ಐಟಂ ಆಗಿ ರೊಟ್ಟಿ ಇರುವ ಕಡೆ ಹೋಗಬೇಡಿ. ಅಲ್ಲಿ ದಿನಕ್ಕೆ ಹತ್ತು ರೊಟ್ಟಿ ಹೋದರೆ ಹೆಚ್ಚು. ಹಿಟ್ಟು ಹಳೆಯದಿರುತ್ತದೆ, ಬಡಿಯುವ ಕೈಗೂ ಅಭ್ಯಾಸ ತಪ್ಪಿರುತ್ತದೆ. ಜೋಳದ ಹಿಟ್ಟು ಬೀಸಿ ದಿನ ಕಳೆದಷ್ಟೂ ಜಿಗುಟು ಕಳೆದುಕೊಳ್ಳುತ್ತದೆ, ಅಂಚು ಸೀಳುತ್ತದೆ ಅಂತ ನಿಮ್ಮ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ರೊಟ್ಟಿಯದೇ ಊಟ ಇರುವ ಖಾನಾವಳಿಗೆ ಹೋಗಿ, ಒಳಗಿನಿಂದ ಪಟಪಟ ಬಡಿಯುವ ಸದ್ದು ಕೇಳುತ್ತಿದೆಯಾ ಅಂತ ಕಿವಿಗೊಡಿ. ಸದ್ದಿದ್ದರೆ ಕೂರಿ. ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮೊಸರು ಎಲ್ಲ ತಾನಾಗಿ ಬರುತ್ತದೆ.

ನಿಮ್ಮ ಮನೆ ಹತ್ತಿರವೇ ಇನ್ನೊಂದು ದಾರಿ ಇದೆ. ವೈಟ್‌ಫೀಲ್ಡ್ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ತುಂಬಾ ಜನ ಕೆಲಸ ಮಾಡುತ್ತಾರೆ. ಅವರು ದಿನಾ ಎಲ್ಲಿ ರೊಟ್ಟಿ ತರುತ್ತಾರೆ ಅಂತ ಅವರನ್ನೇ ಕೇಳಿ. ನಿಮ್ಮ ಮಾತಿನ ಧಾಟಿ ಕೇಳಿದರೆ ಅವರೇ ಖುಷಿಯಿಂದ ದಾರಿ ತೋರಿಸುತ್ತಾರೆ. ರೊಟ್ಟಿ ಬಡಿದು ಮಾರುವ ಅಕ್ಕಂದಿರ ಮನೆಗಳು ಯಾವ ಮ್ಯಾಪ್‌ನಲ್ಲೂ ಇರುವುದಿಲ್ಲ. ಆಂಧ್ರ ಮೆಸ್, ಕೇರಳದ ಹೋಟೆಲ್, ಒಡಿಶಾದ ಊಟ, ಎಲ್ಲಕ್ಕೂ ಇದೇ ಮಾತು. ಆ ಊರಿನವರು ಬಂದು ನೆಲೆಸಿದ ಬೀದಿಯಲ್ಲಿ, ಅವರೇ ತುಂಬಿಕೊಂಡಿರುವ ಹೋಟೆಲ್ ನೋಡಿ.

ನಗರದ ಹೊರಗಿನ ವಿಷಯದಲ್ಲಿ ನಿಮಗೊಂದು ಅದೃಷ್ಟ ಇದೆ. ನಿಮ್ಮಲ್ಲಿಂದ ಹೊಸಕೋಟೆ ಹದಿನೈದು ಕಿಲೋಮೀಟರ್ ಆಸುಪಾಸು. ಭಾನುವಾರ ಬೆಳಗಿನ ಜಾವ ಅಲ್ಲಿ ಮಣಿ ದಮ್ ಬಿರಿಯಾನಿಯ ಮುಂದೆ ಜನ ಸಾಲು ನಿಂತಿರುತ್ತಾರೆ. ಬೆಳಗ್ಗೆ ನಾಲ್ಕಕ್ಕೆ ಬಿರಿಯಾನಿಯಾ ಅಂತ ಮೊದಲ ಸಲ ನಾನೂ ಅಂದುಕೊಂಡೆ. ಹೋಗಿ ನಿಂತ ಮೇಲೆ ಗೊತ್ತಾಯಿತು. ರಾತ್ರಿಯೇ ಕೆಲಸ ಶುರು ಮಾಡಿ, ದಮ್ ಕಟ್ಟಿ, ದೊಡ್ಡ ಹಂಡೆಯ ಮುಚ್ಚಳ ತೆಗೆದ ಕೂಡಲೇ ಬಡಿಸುತ್ತಾರೆ. ಅದಕ್ಕಿಂತ ಬಿಸಿಯಾದ, ಹೊಸದಾದ ಬಿರಿಯಾನಿ ನಿಮಗೆ ಎಲ್ಲೂ ಸಿಗದು. ನಿಮ್ಮ ಮನೆಯವರು ಒಂದು ಭಾನುವಾರ ನಿದ್ದೆ ಬಿಟ್ಟು ಸ್ನೇಹಿತರ ಜೊತೆ ಹೋಗಿಬರಲಿ. ಪಾರ್ಸೆಲ್‌ಗೆ ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಲಿ.

ಮೈಸೂರು ಕಡೆ ಹೋಗುವಾಗ ಒಂದು ಎಚ್ಚರ ಬೇಕು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲ ಪಕ್ಕಕ್ಕೆ ಉಳಿದವು. ನೇರ ಹೋದರೆ ಬಿಡದಿಯ ತಟ್ಟೆ ಇಡ್ಲಿಯೂ ಇಲ್ಲ, ಮದ್ದೂರು ವಡೆಯೂ ಇಲ್ಲ. ಹಳೇ ರಸ್ತೆಯ ಹೋಟೆಲ್‌ಗಳಿಗೆ ಇದರಿಂದ ದೊಡ್ಡ ಹೊಡೆತ ಬಿತ್ತು, ನೆನೆದರೆ ಸಂಕಟವಾಗುತ್ತದೆ. ದಯವಿಟ್ಟು ಹಳೇ ರಸ್ತೆಗೆ ಇಳಿದು ಹೋಗಿ. ಅರ್ಧ ಗಂಟೆ ತಡವಾದರೆ ಆಗಲಿ. ಬಿಡದಿಯಲ್ಲಿ ಎಂಟು ಗಂಟೆಯೊಳಗೆ ತಿಂದರೆ ತಟ್ಟೆಯಷ್ಟಗಲದ ಇಡ್ಲಿ ಹತ್ತಿಯ ಹಾಗಿರುತ್ತದೆ, ಮೇಲಿಟ್ಟ ಬೆಣ್ಣೆ ಕಣ್ಣೆದುರೇ ಕರಗುತ್ತದೆ. ತುಮಕೂರು ರಸ್ತೆಯಲ್ಲಿ ಹೋಗುವುದಿದ್ದರೆ ಕ್ಯಾತಸಂದ್ರದ ತಟ್ಟೆ ಇಡ್ಲಿ ತಿನ್ನಿ, ಅಪ್ಪ ಅಮ್ಮನಿಗೆ ಹತ್ತಿರದ ಸಿದ್ಧಗಂಗಾ ಮಠದ ದರ್ಶನವೂ ಆಗುತ್ತದೆ. ಎರಡು ಊರಿನ ಇಡ್ಲಿಯಲ್ಲಿ ಯಾವುದು ಮೇಲು ಅಂತ ನನ್ನನ್ನು ಕೇಳಬೇಡಿ. ಯಾವುದನ್ನು ಮೊದಲು ಬಿಸಿಯಾಗಿ ತಿಂದಿರೋ ಅದೇ ಮೇಲು.

ಹೊತ್ತು ಅಂದರೆ ಗಂಟೆ ಮಾತ್ರ ಅಂತಲ್ಲ, ಕಾಲವೂ ಹೌದು. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಬಸವನಗುಡಿ, ವಿ.ವಿ. ಪುರಂ ಕಡೆಯ ಯಾವ ಸಣ್ಣ ಹೋಟೆಲ್‌ಗೆ ಹೋದರೂ ಅವರೆಕಾಳು ಉಪ್ಪಿಟ್ಟು, ಹಿತಕಿದ ಬೇಳೆ ಸಿಗುತ್ತದೆ. ಅದೇ ಹೊತ್ತಿಗೆ ಅವರೆಬೇಳೆ ಮೇಳವೂ ನಡೆಯುತ್ತದೆ. ಬೇರೆ ತಿಂಗಳಲ್ಲಿ ಅವರೆ ಅಂತ ಕೊಟ್ಟರೆ ಅದಕ್ಕೆ ಆ ಸೊಗಡು ಇರುವುದಿಲ್ಲ.

ಅಪ್ಪ ಅಮ್ಮ ಬಂದಾಗ ಒಂದು ದಿನ ಹೀಗೆ ಮಾಡಿ. ಶನಿವಾರ ಬೆಳಗ್ಗೆ ಆರು ಗಂಟೆಗೆಲ್ಲ ವೈಟ್‌ಫೀಲ್ಡ್‌ನಲ್ಲಿ ಮೆಟ್ರೊ ಹತ್ತಿ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಜನವೂ ಜಾಸ್ತಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಗಾಂಧಿ ಬಜಾರಿಗೆ ನಡೆದರೆ ಕಾಲು ಗಂಟೆ, ಮಂಡಿನೋವಿದ್ದರೆ ಆಟೊ. ಎಂಟರೊಳಗೆ ವಿದ್ಯಾರ್ಥಿ ಭವನದಲ್ಲಿ ಕೂತರೆ, ಕೈಮೇಲೆ ಸಾಲಾಗಿ ತಟ್ಟೆ ಜೋಡಿಸಿಕೊಂಡು ಬರುವ ಸಪ್ಲೈಯರ್‌ನನ್ನು ನೋಡುವುದೇ ನಿಮ್ಮ ಅಪ್ಪನಿಗೆ ಒಂದು ಸಂತೋಷ. ಹೊಟ್ಟೆ ತುಂಬಾ ತಿನ್ನಬೇಡಿ, ಒಬ್ಬರಿಗೆ ಒಂದು ಮಸಾಲೆ ದೋಸೆ, ಕಾಫಿ ಬೈ ಟು ಸಾಕು. ಆಮೇಲೆ ಬೀದಿಯಲ್ಲಿ ಹೂವು ಕೊಳ್ಳಿ, ದೊಡ್ಡ ಗಣಪತಿ, ದೊಡ್ಡ ಬಸವಣ್ಣನ ಗುಡಿಗೆ ಹೋಗಿ, ಬ್ಯೂಗಲ್ ರಾಕ್ ಪಾರ್ಕಿನ ಮರದ ಕೆಳಗೆ ಸುಮ್ನೆ ಕೂತಿರಿ. ಹನ್ನೆರಡೂವರೆಗೆ ಪಕ್ಕದ ಕಾಮತ್ ಬ್ಯೂಗಲ್ ರಾಕ್‌ನಲ್ಲಿ ಜೋಳದ ರೊಟ್ಟಿ ಊಟಕ್ಕೆ ಮೊದಲ ಪಂಕ್ತಿ ಹಿಡಿಯಿರಿ. ಅಮ್ಮನನ್ನು ಅಡುಗೆಮನೆಗೆ ಹತ್ತಿರದ ಟೇಬಲ್‌ನಲ್ಲಿ ಕೂರಿಸಿ, ರೊಟ್ಟಿ ಒಂದೊಂದಾಗಿಯೇ ತರಲು ಸಪ್ಲೈಯರ್‌ಗೆ ಮೊದಲೇ ಹೇಳಿಬಿಡಿ. ನಾಲ್ಕು ಒಟ್ಟಿಗೆ ತಂದಿಟ್ಟರೆ ಕೊನೆಯದು ಆರಿಹೋಗುತ್ತದೆ.